ಬಾವಿ ಸುಧಾರಿಸಿಕೊಳ್ಳುವವರೆಗೆ

ಅಳತೆಪಟ್ಟಿ ಮೂವತ್ತೆಂಟನೆಯ ಅಡಿಗೆ ನೀರು ಮುಟ್ಟಿತು. ಲತಾಶ್ರೀ ಮತ್ತೊಮ್ಮೆ ಇಳಿಸಿ ನೋಡಿದಳು. ಮೂವತ್ತೆಂಟೇ. ಹೊಲದಂಚಿನ ತೊರೆ ಅಷ್ಟು ಮೇಲೆ ಹರಿಯುತ್ತಿರುವಾಗ ಬಾವಿಯ ನೀರು ಇಷ್ಟು ಕೆಳಗಿರಬಾರದು.

ಬೆಳಿಗ್ಗೆ ಪಂಪ್ ಹಾಕಿದ್ದಿರಾ ಎಂದು ಬಾವಿಯ ಒಡತಿಯನ್ನು ಇಂಗ್ಲಿಷಿನಲ್ಲಿ ಕೇಳಿದಳು. ಎಪ್ಪತ್ತು ದಾಟಿದ ಲೀನಾ ಹೆಮ್ಮೆಯಿಂದಲೇ ಹೌದೆಂದಳು. ಐದು ಗಂಟೆಯಿಂದ ಹಾಕಿದ್ದಳಂತೆ. ಷಿಕಾಗೋದಿಂದ ನೂರೆಂಬತ್ತು ಮೈಲಿ ಡ್ರೈವ್ ಮಾಡಿಕೊಂಡು ಒಬ್ಬರು ಬಾವಿ ನೋಡಲು ಬರುವಾಗ ಹಳೆಯ ನೀರು ತೋರಿಸುವುದೇ? ಅಕ್ಕಪಕ್ಕದ ಐದು ಮನೆಗಳಿಗೂ ಹಾಗೇ ಮಾಡಿ ಎಂದು ತಾನೇ ಫೋನ್ ಮಾಡಿ ಹೇಳಿದ್ದಳು.

ಮುಂದಿನ ವರ್ಷ ಈ ಕಣಿವೆಯ ಅಡಿಯಿಂದ ಕಲ್ಲಿದ್ದಲು ತೆಗೆಯಲಿದ್ದರು. ಅಡಿ ಕುಸಿದರೆ ಹೊಲ ತಗ್ಗಬಹುದು, ಬಾವಿಯ ನೀರು ಇಳಿಯಬಹುದು. ಇಳಿದರೆ ಗಣಿಯವರು ಸರಿಪಡಿಸಿಕೊಡಬೇಕು. ಎಷ್ಟು ಇಳಿಯಿತೆಂಬುದಕ್ಕೆ ಲತಾಶ್ರೀ ಇಂದು ಬರೆಯುವ ಅಂಕಿಯೇ ಸಾಕ್ಷಿ. ಪಂಪ್ ಓಡಿ ತಗ್ಗಿರುವ ಈ ಮೂವತ್ತೆಂಟನ್ನೇ ಬರೆದರೆ, ಮುಂದೆ ಗಣಿಯಿಂದ ನಿಜವಾಗಿ ಹತ್ತು ಅಡಿ ಇಳಿದರೂ ಕಾಗದದ ಮೇಲೆ ಏನೂ ಆಗಿರುವುದಿಲ್ಲ.

ಷಿಕಾಗೋದ ತನ್ನ ಆಫೀಸಿಗೆ ಫೋನ್ ಮಾಡಿದಳು. ಎರಡು ಸಾವಿರದ ಒಂಬತ್ತರ ಆ ಅಕ್ಟೋಬರಿನ ಹೊತ್ತಿಗೆ ಅಲ್ಲಿನ ಇಪ್ಪತ್ತು ಟೇಬಲ್‌ಗಳಲ್ಲಿ ಎಂಟು, ಕೂತವರ ಕೆಲಸ ಹೋಗಿ, ಖಾಲಿಯಾಗಿದ್ದವು. ಇವತ್ತು ಆರು ಬಾವಿ, ನಾಳೆ ಸಂಜೆ ಗಣಿಯವರಿಗೆ ರಿಪೋರ್ಟ್ ಎಂಬುದು ಮ್ಯಾನೇಜರ್ ರವಿಶಂಕರನ ಲೆಕ್ಕ.

"ಮೂವತ್ತೆಂಟು ಅಂತಾನೇ ಬರಿ. ನೀನು ಅಳೆದಿದ್ದೇನೂ ಸುಳ್ಳಲ್ಲವಲ್ಲ."

"ಓಡಿ ಬಂದವರ ನಾಡಿ ಹಿಡಿದು ಜ್ವರ ಅಂದ ಹಾಗಾಗುತ್ತೆ ಸರ್."

"ನಿನ್ನ ವೀಸಾ ಮಾರ್ಚ್‌ಗೆ ಮುಗಿಯುತ್ತೆ, ಅಲ್ವಾ?" ಎಂದ ರವಿಶಂಕರ. ಮಾತು ಹೆದರಿಸುವ ದನಿಯಲ್ಲಿರಲಿಲ್ಲ. ಫೋನ್ ಇಟ್ಟ.

ಲತಾಶ್ರೀ ಪಂಪಿನ ಸ್ವಿಚ್ ಆರಿಸಿ, ಬಾವಿಯ ಪಕ್ಕದಲ್ಲೇ ಕುಳಿತಳು. ಕಾಫಿಗಿಡಲು ಒಳಗೆ ಹೋದ ಲೀನಾ ನಲ್ಲಿಯ ಮೇಲೆ ಕೈಯಿಟ್ಟು, ನೆನಪಾಗಿ, ಖಾಲಿ ಕಪ್‌ಗಳನ್ನೇ ಹಿಡಿದು ಹೊರಗೆ ಬಂದಳು. ಲತಾಶ್ರೀ ತನ್ನ ಬಾಟಲಿಯ ಷಿಕಾಗೋ ನೀರನ್ನು ಎರಡಕ್ಕೂ ಹಂಚಿದಳು.

"ಬಾವಿ ನೋಡೋಕೆ ಬಂದವಳ ಹತ್ರ ನೀರಿಸ್ಕೊಂಡು ಕುಡಿದೆ ಅಂತ ಯಾರಿಗೂ ಹೇಳಬೇಡ," ಎಂದಳು ಲೀನಾ.

ಅರ್ಧ ಗಂಟೆಗೊಮ್ಮೆ ಪಟ್ಟಿ ಇಳಿಯಿತು. ಮೂವತ್ತಮೂರು, ಇಪ್ಪತ್ತೊಂಬತ್ತು, ಇಪ್ಪತ್ತೇಳು. ಆಮೇಲೆ ನಿಧಾನವಾಯಿತು. ಮೂರು ಗಂಟೆಗೆ ಇಪ್ಪತ್ತನಾಲ್ಕು. ಮೂರೂವರೆಗೂ ಇಪ್ಪತ್ತನಾಲ್ಕು. ಲತಾಶ್ರೀ ಅದನ್ನು ಫಾರ್ಮಿನಲ್ಲಿ ಬರೆದು, ಹೊತ್ತನ್ನೂ ಬರೆದು, ಸಹಿ ಹಾಕಿದಳು. ಮತ್ತೆ ಫೋನ್ ಮಾಡಿದಳು.

"ಎಷ್ಟು ಬಾವಿ ಆಯ್ತು?"

"ಒಂದು. ಉಳಿದ ಐದರಲ್ಲೂ ಬೆಳಿಗ್ಗೆ ಪಂಪ್ ಓಡಿದೆ. ಇವತ್ತು ಸಂಜೆಯಿಂದ ನಿಲ್ಲಿಸೋಕೆ ಹೇಳ್ತೀನಿ, ನಾಳೆ ಬಂದು ಅಳೀತೀನಿ ಸರ್."

ರಿಪೋರ್ಟ್ ಒಂದು ದಿನ ತಡವಾದರೆ ತನ್ನ ಟೇಬಲ್ಲೂ ಖಾಲಿಯಾಗಬಹುದು ಎಂದ ರವಿಶಂಕರ. ಆಮೇಲೆ ಕೇಳಿದ:

"ಬಕೆಟ್‌ಗಳಲ್ಲಿ ನೀರು ತುಂಬಿಟ್ಕೊಳ್ಳೋಕೆ ಹೇಳಿದ್ಯಾ?"

"ಇಲ್ಲ."

"ಮೊದಲು ತುಂಬಿಟ್ಕೊಂಡು ಆಮೇಲೆ ನಿಲ್ಲಿಸಲಿ. ಬೆಂಗಳೂರಲ್ಲಿ ದಿನ ಬಿಟ್ಟು ದಿನ ನೀರು ಹಿಡಿದ ನಮಗೆ ಗೊತ್ತು. ಇವರಿಗೆ ಯಾರು ಹೇಳ್ಕೊಡ್ತಾರೆ?"

ಲೀನಾ ಮತ್ತೆ ಐದು ಮನೆಗಳಿಗೆ ಫೋನ್ ಮಾಡಲು ಕುಳಿತಳು.

ಮರುದಿನ ಬೆಳಿಗ್ಗೆ ಲತಾಶ್ರೀ ತೊರೆಯ ಪಕ್ಕದ ರಸ್ತೆಯಲ್ಲಿ ಬಂದಾಗ ಐದೂ ಮನೆಗಳ ಜಗುಲಿಗಳ ಮೇಲೆ ಪಾತ್ರೆಗಳ ಸಾಲಿತ್ತು. ಬಕೆಟ್‌ಗಳು, ಹಾಲಿನ ಕ್ಯಾನ್‌ಗಳು, ಒಂದು ಕಡೆ ಮಗುವಿನ ಸ್ನಾನದ ತೊಟ್ಟಿ. ನಿನ್ನೆಯೇ ಅಳತೆ ಮುಗಿದಿದ್ದ ಲೀನಾಳ ಜಗುಲಿಯ ಮೇಲೂ ಒಂದು ಬಕೆಟ್ ಇತ್ತು, ಅದಕ್ಕೆ ಊಟದ ತಟ್ಟೆ ಮುಚ್ಚಿ, ಮೇಲೆ ನಿನ್ನೆಯ ಎರಡು ಕಪ್‌ಗಳನ್ನು ಬೋರಲು ಇಟ್ಟಿದ್ದಳು.