ಒಗೆದ ಮಳೆಕೋಟು

ವಿಶ್ವನಾಥಪ್ಪನವರು ಸುರಿದ ತಂಬಿಗೆ ನೀರು ಮನ್ಮಥಪ್ಪನ ಹೆಗಲಿನಿಂದ ಉರುಳಿ ಬೀಳಲಿಲ್ಲ. ಮಳೆಕೋಟು ಅಷ್ಟನ್ನೂ ಕುಡಿದುಬಿಟ್ಟಿತು. ಗುಂಡಿ ಬಿಚ್ಚಿ ನೋಡಿದರೆ ಒಳಗಿನ ಬನಿಯನ್ ಎದೆಗೆ ಅಂಟಿಕೊಂಡಿತ್ತು.

"ಏನ್ರೀ ರಘೋತ್ತಮ, ಇದನ್ನ ನಾನು ನಾನೂರು ಜನಕ್ಕೆ ಕೊಡಿಸಬೇಕಾ?" ರೈಲ್ವೆಯ ಆ ಅಧಿಕಾರಿ ಖಾಲಿ ತಂಬಿಗೆಯನ್ನು ಮನ್ಮಥಪ್ಪನ ಮನೆಯ ಕಟ್ಟೆಯ ಮೇಲೆ ಕುಕ್ಕಿದರು.

ರಘೋತ್ತಮ ಕೋಟಿನ ಒಳಗೆ ಬಗ್ಗಿ ನೋಡಿದ. ಔರಂಗಾಬಾದಿನ ಬಟ್ಟೆ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಕೂತು ಅವನು ಮಾಡಿದ ಲೇಪ ಅದು. ರಬ್ಬರಿನ ಕೋಟು ತೊಟ್ಟವರು ಮಳೆಯಿಂದ ಉಳಿದರೂ ಬೆವರಿನಲ್ಲಿ ನೆನೆಯುತ್ತಾರೆ ಎಂದು, ಹತ್ತಿಬಟ್ಟೆಗೇ ಕೆಸುವಿನ ಎಲೆಯಂತೆ ನೀರು ಅಂಟದ ಗುಣ ಬರಿಸಿದ್ದ. ಇಗತಪುರಿಯ ಮಳೆ ತಡೆದರೆ ಯಾವ ಊರಿನದ್ದಾದರೂ ತಡೆದೀತು ಎಂದುಕೊಂಡು, ಹದಿನೈದು ದಿನದ ಹಿಂದೆ ಒಂದು ಕೋಟನ್ನು ಮನ್ಮಥಪ್ಪನಿಗೆ ಕೊಟ್ಟು ಹೋಗಿದ್ದ. ಘಾಟಿನ ಹಳಿಯ ಮೇಲೆ ದಿನವೂ ನಡೆದು ಕೀಲುಗಳನ್ನು ಬಿಗಿ ಮಾಡುವುದು ಮನ್ಮಥಪ್ಪನ ಕೆಲಸ. ಇವತ್ತು ವಿಶ್ವನಾಥಪ್ಪನವರು ಕಾಗದಕ್ಕೆ ಸಹಿ ಹಾಕಿದರೆ ಈ ಮಳೆಗಾಲದಲ್ಲೇ ಹಳಿ ಕೆಲಸದವರಿಗೆಲ್ಲ ಕೋಟು.

"ಖರೇ ಹೇಳು ಮನ್ಮಥಪ್ಪ, ಮೊದಲೂ ಹಿಂಗ ನೀರು ಒಳಗ ಬಂದಿತ್ತೇನು?" ರಘೋತ್ತಮ ಅವನತ್ತ ತಿರುಗಿದ.

"ಒಂದ ಹನಿ ಬಂದಿಲ್ರಿ ಸಾಹೇಬರ. ಮೂರು ವರ್ಷದಾಗ ಈ ಹದಿನೈದ ದಿನ ನೋಡ್ರಿ, ನಾ ಕೆಮ್ಮಿಲ್ಲದ ಮಲಗಿದ್ದು."

ಅವನ ತಂಗಿ ಸಂಗಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. ಸೆರಗಿನ ತುದಿ ಅವಳ ಬಾಯಲ್ಲಿತ್ತು. ಅದನ್ನು ಬಿಟ್ಟು, ನೆಲ ನೋಡುತ್ತಲೇ ಹೇಳಿದಳು: "ನಾ ಒಗದೀನಿ ಅಣ್ಣಾ."

ಮೂವರೂ ತಿರುಗಿದರು.

"ಒಗದಿ? ಏನರೆ ಹಾಕಿ ಒಗದ್ಯವ್ವಾ?" ರಘೋತ್ತಮ ಕೇಳಿದ.

"ಸೋಡಾ ಹಾಕಿ, ಬಿಸಿನೀರಾಗ. ಹಳಿ ಮ್ಯಾಲಿನ ಎಣ್ಣಿ ಹತ್ತಿತ್ತು, ಗಾಡಿ ಪಾಯಖಾನಿದೂ ಹತ್ತಿತ್ತರಿ. ದೊಡ್ಡ ಸಾಹೇಬರು ಕೈಯಾಗ ಹಿಡದು ನೋಡ್ತಾರ ಅಂದ್ರಲ್ಲ, ನಾಚಿಕಿ ಬಂತು. ಬ್ರಶ್ ತಗೊಂಡು ತಿಕ್ಕಿ, ಎರಡ ಸರ್ತಿ ಕಲ್ಲಿಗೆ ಒಗದೆ."

"ಎರಡ ಸರ್ತಿ!" ರಘೋತ್ತಮ ತಲೆಯ ಮೇಲೆ ಕೈಯಿಟ್ಟುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟ. "ನನ್ನ ನಾಕು ವರ್ಷ ಒಂದ ಬಕೀಟಿನಾಗ ಕಲಿಸಿ ಚೆಲ್ಲಿದೆಲ್ಲ, ತಾಯಿ!"

ಮನ್ಮಥಪ್ಪ ತಂಗಿಯನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಸಂಗಮ್ಮನಿಗೆ.

"ಆ ಹುಡುಗಿಗೆ ಯಾಕ್ರೀ ಅಂತೀರಿ?" ಎಂದರು ವಿಶ್ವನಾಥಪ್ಪ. "ನಾನೂರು ಮನೇಲೂ ಒಗೀತಾರೆ. ನೀವು ಒಂದು ಸಲನಾದ್ರೂ ಒಗೆದು ನೋಡಬೇಡ್ವಾ?"

"ಮಳಿ ನೋಡೀವಿ ಸರ್, ಗಾಳಿ ನೋಡೀವಿ, ಬಿಸಲಾಗ ತಿಂಗಳಗಟ್ಟಲೆ ಒಣಗಿಸೀವಿ. ಒಗಿಯೋದು..." ರಘೋತ್ತಮ ಎದ್ದು ನಿಂತ. "ಸೋಡಾ ಹಾಕಿ ತಿಕ್ಕಿದ್ರ ಕೆಸುವಿನ ಎಲೀಗೂ ನೀರು ಹತ್ತತದ ಸರ್. ಆದರ ಎಲಿ ಯಾರೂ ಒಗಿಯಂಗಿಲ್ಲಲ್ಲ!"

"ಯಾಕ ಒಗಿಯಂಗಿಲ್ರಿ?"

ಕೇಳಿದ್ದು ಸಂಗಮ್ಮ. ಕೇಳಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿದಳು. ಆದರೂ ಹೊರಬಂದು ಬಚ್ಚಲ ಕಾಲುವೆಯ ಪಕ್ಕ ಬೆಳೆದಿದ್ದ ಕೆಸುವಿನ ಎಲೆಯೊಂದನ್ನು ಚಿವುಟಿ ತಂದಳು. ಒಲೆಯಿಂದ ಒಂದು ಹಿಡಿ ಬೂದಿ ತಂದು ಅದರ ಮೇಲೆ ಉದುರಿಸಿದಳು. ಎಲೆ ಪೂರ್ತಿ ಬೂದುಬಣ್ಣವಾಯಿತು. ಸೂರಿನ ನೀರಿಗೆ ಹಿಡಿದಳು. ಹನಿಗಳು ಗುಂಡಗೆ ಉರುಳುತ್ತ, ಬೂದಿಯನ್ನೆಲ್ಲ ಮೈಗೆ ಬಳಿದುಕೊಂಡು ಕೆಳಗೆ ಬಿದ್ದವು. ಎಲೆ ಮೊದಲಿನಂತೆ ಹಸಿರಾಗಿತ್ತು. ಅವಳು ಅದನ್ನು ಕೈಯಿಂದ ಒರೆಸಿಯೂ ಇರಲಿಲ್ಲ.

"ಇದು ತನ್ನಷ್ಟಕ ತಾನೇ ತೊಳಕೊಂತದರಿ. ನಿಮ್ಮ ಬಟ್ಟಿ ಯಾಕ ತೊಳಕೊಳ್ಳಲಿಲ್ಲ?"

ರಘೋತ್ತಮ ಎಲೆಯನ್ನು ಒಮ್ಮೆ, ಕೋಟನ್ನು ಒಮ್ಮೆ ನೋಡಿದ. ಆಮೇಲೆ ಗಡಿಬಿಡಿಯಲ್ಲಿ, "ನುಣುಪು ಕಡಿಮಿ ಆಗ್ಯದ. ಇನ್ನೊಮ್ಮೆ ರೋಲರಿಗೆ ಕೊಟ್ಟು ಗಾಜಿನಂಗ ಮಾಡಿದ್ರ..." ಅಂದ.

"ಎಲಿ ಎಲ್ಲಿ ನುಣುಪದರಿ?" ಸಂಗಮ್ಮ ಎಲೆಯನ್ನು ಅವನತ್ತ ಚಾಚಿದಳು. "ಈ ಎಲಿ ಸುರುಳಿ ಸುತ್ತಿ ಅಳೂವಡಿ ಮಾಡೋರಿಗೆ ಕೇಳ್ರಿ. ಹಿಟ್ಟು ಎಲಿ ಬೆನ್ನಿಗೇ ಹಚ್ಚತೀವಿ, ಈ ಮಗ್ಗಲಿಗೆ ಹಿಡಿಯಂಗಿಲ್ಲ. ಮುಟ್ಟಿದ್ರ ಮಖಮಲ್ ಇದ್ದಾಂಗದ, ಸಣ್ಣ ಹಿಟ್ಟು ಚೆಲ್ಲಿದಾಂಗ."

ರಘೋತ್ತಮ ಎಲೆಯ ಮೇಲೆ ಬೆರಳು ಎಳೆದ. ಮತ್ತೊಮ್ಮೆ ಎಳೆದ. ಮನ್ಮಥಪ್ಪನ ಒದ್ದೆ ತೋಳು ಹಿಡಿದು ಕೋಟಿನ ಮೇಲೂ ಎಳೆದು ನೋಡಿದ; ಅಲ್ಲಿ ಬೆರಳು ನುಣ್ಣಗೆ ಜಾರಿತು. ತಿರುಗಿ ಎಲೆಗೆ ಬಂದ.

ವಿಶ್ವನಾಥಪ್ಪನವರು ಸಹಿಯಿಲ್ಲದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು. ಪಾಳಿಯ ಹೊತ್ತಾಗಿತ್ತು. ಮನ್ಮಥಪ್ಪ ಕೋಟು ಕಳಚಿ ಗೂಟಕ್ಕೆ ಸಿಕ್ಕಿಸಿ, ಹಳೆಯ ಗೋಣಿಚೀಲವನ್ನು ತಲೆಗೆ ಹಾಕಿಕೊಂಡು, ಸುತ್ತಿಗೆ ಹೆಗಲಿಗೇರಿಸಿ ಮಳೆಗಿಳಿದ. ತಿರುವಿನ ಆಚೆಗೆ ಹೋಗುವಷ್ಟರಲ್ಲಿ ಅವನ ಕೆಮ್ಮು ಕೇಳಿಸಿತು. ಸಂಗಮ್ಮ ಕಿವಿ ಮುಚ್ಚಿಕೊಂಡಳು.

"ನಾಲ್ಕು ವರ್ಷ ಈ ಎಲೆ ಇಟ್ಕೊಂಡೇ ಅಲ್ವೇನ್ರೀ ನೀವು ಕೆಲಸ ಮಾಡಿದ್ದು?" ವಿಶ್ವನಾಥಪ್ಪ ಮೆಲ್ಲಗೆ ಕೇಳಿದರು.

"ಹೌದು ಸರ್. ಚೀಲಗಟ್ಟಲೆ ತರಿಸೀನಿ. ಕುದಿಸೀನಿ, ಅರದೀನಿ, ಮೇಣ ತಗದು ತೂಕ ಮಾಡೀನಿ." ರಘೋತ್ತಮನ ಬೆರಳು ಇನ್ನೂ ಎಲೆಯ ಮೇಲೆಯೇ ಇತ್ತು. "ಮುಟ್ಟಿ ನೋಡಿದ್ದಿಲ್ಲ."