ತಂತಿಯ ಬಿಗಿ

ದೋಣಿ ಮಗುಚಿದ ಮರುದಿನ ಬೆಳಿಗ್ಗೆ ಒಂದು ಹೆಣ ದಡ ಸೇರಿತು. ಮುಖ ಬಂಡೆಗೆ ಬಡಿದು ಗುರುತು ಸಿಗುವಂತಿರಲಿಲ್ಲ. ಅಂಗಿ ಮಾತ್ರ ಗಿಟಾರ್ ಮಾಡುವ ಬೆನೆಟನ ಮಗ ಮೆಲ್ವಿನನದು.

"ನಿನ್ನವನು ಮಣ್ಣಿಗಾದರೂ ಸಿಕ್ಕಿದ, ಬೆನೆಟ್," ಎಂದು ಇನಾಸ ಅವನ ಹೆಗಲು ಹಿಡಿದ. ಅದೇ ದೋಣಿಯಲ್ಲಿದ್ದ ಇನಾಸನ ಮಗ ಓಸ್ವಾಲ್ಡ್ ಇನ್ನೂ ಸಿಕ್ಕಿರಲಿಲ್ಲ. "ನನ್ನವನು ಈಜುಗಾರ. ಎಲ್ಲಾದರೂ ದಡ ಹತ್ತಿರುತ್ತಾನೆ, ಅಲ್ಲವಾ?"

"ಹತ್ತಿರುತ್ತಾನೆ, ಇನಾಸಣ್ಣ."

ಬೆನೆಟ್ ಕುಳಿತು ಹೆಣದ ಎಡಗೈಯನ್ನು ತನ್ನ ಕೈಗೆ ತೆಗೆದುಕೊಂಡ. ಅಂಗಿ ಅದಲುಬದಲು ತೊಡುತ್ತಿದ್ದ ಗೆಳೆಯರಾದ ಮೆಲ್ವಿನ್, ಓಸ್ವಾಲ್ಡ್ ವಾದ್ಯವನ್ನು ಮಾತ್ರ ಬದಲಿಸಿಕೊಳ್ಳುತ್ತಿರಲಿಲ್ಲ. ಇಬ್ಬರ ವಾದ್ಯವನ್ನೂ ಮಾಡಿದವನು ಬೆನೆಟನೇ. ಮಗನ ಬೆರಳು ನೋಯದಿರಲೆಂದು ಅವನ ಗಿಟಾರಿಗೆ ಗಿಡ್ಡ ಕತ್ತು ಕೂರಿಸಿ ನೈಲಾನ್ ತಂತಿ ಕಟ್ಟಿದ್ದ. ಬಿಗಿ ಕಡಿಮೆ, ಒತ್ತಿದರೆ ಬೆಣ್ಣೆ. ಓಸ್ವಾಲ್ಡನ ಬೇಸ್ ಗಿಟಾರಿಗೆ ಉದ್ದ ಕತ್ತು, ದಪ್ಪ ಉಕ್ಕಿನ ತಂತಿ. ಅದನ್ನು ಒತ್ತುವುದೆಂದರೆ ಸೆಟೆದ ಹಗ್ಗವನ್ನು ಬಗ್ಗಿಸಿದಂತೆ.

ತಂತಿ ಒತ್ತುವ ಆ ಎಡಗೈಯ ಬೆರಳತುದಿಗಳು ಜಡ್ಡುಗಟ್ಟಿ ಕಲ್ಲಾಗಿದ್ದವು.

"ಪ್ರಾರ್ಥನೆ ನೀನೇ ಶುರುಮಾಡು. ತಂದೆಯಲ್ಲವಾ," ಎಂದ ಇನಾಸ.

ಬೆನೆಟ್ ಶಿಲುಬೆಯ ಗುರುತು ಹಾಕಿಕೊಂಡು, ಇನಾಸನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ದೇವರೇ, ಓಸ್ವಾಲ್ಡನ ಆತ್ಮಕ್ಕೆ ನಿತ್ಯ ಶಾಂತಿ ಕೊಡು."