ಬೆಂಡು ನೀರಿನಲ್ಲಿರುವಾಗ

"ಅಪ್ಪಾ, ಬೆಂಡು ಮುಳುಗ್ತಿದೆ!" ಎಂದಳು ಮಗಳು, ಪಿಸುದನಿಯಲ್ಲಿ.

"ಗಾಳಿ ಕಣೇ," ಎಂದ ಅಪ್ಪ.

ಗಾಳಿಯ ಸುಳಿವೇ ಇರಲಿಲ್ಲ. ಕೆರೆಯ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿ ನಿಂತಿತ್ತು. ಮೀನು ಮೊಟ್ಟೆಯಿಡುವ ಕಾಲವೆಂದು ಮುಚ್ಚಿದ್ದ ಕೆರೆಯನ್ನು ಗಾಳ ಹಾಕುವವರಿಗೆ ಅಂದೇ ಬೆಳಿಗ್ಗೆ ಬಿಟ್ಟುಕೊಟ್ಟಿದ್ದರು. ಕನ್ನಡಕದಂಗಡಿಯ ಯಜಮಾನನಾದ ಅಪ್ಪ ಈ ಮೊದಲ ದಿನಕ್ಕಾಗಿ ಜಪ ಮಾಡುತ್ತ ಕೂತಿರುವ ಆಸಾಮಿ. ಗಿರಾಕಿಯಿಲ್ಲದ ಹೊತ್ತಿನಲ್ಲೆಲ್ಲ ಗಾಳದ ರೀಲು ಬಿಚ್ಚಿ, ಕನ್ನಡಕದ ಪುಟಾಣಿ ಸ್ಕ್ರೂಡ್ರೈವರಿನಿಂದ ಸಂದುಗೊಂದಿನ ಕೊಳೆ ಕೆರೆದು, ಗಾಜು ಒರೆಸುವ ಮೆತ್ತನೆ ಬಟ್ಟೆಯಲ್ಲಿ ಮುದ್ದುಮಾಡಿ ಒರೆಸಿಡುತ್ತಿದ್ದ. ದಾರಕ್ಕೆ ಕಟ್ಟಿ ತೇಲಬಿಡುವ ಬೆಂಡು ದೂರಕ್ಕೂ ಕಾಣಲೆಂದು ಅದರ ತುದಿಗೆ ಮಗಳ ಕೆಂಪು ಉಗುರುಬಣ್ಣ ಕದ್ದು ಬಳಿದಿದ್ದ. ಅಂಥವನು, ಈಗ ಮೀನು ಬಂದು ಹುಳುವನ್ನು ಮೂಸಿ ನೋಡುತ್ತಿದ್ದರೂ ಕೋಲು ಎತ್ತಲೊಲ್ಲ.

ಕಾರಣವಿತ್ತು. ಕೆರೆದಂಡೆಯಲ್ಲಿ ಅವನದು ಒಂದೇ ಕಾನೂನು: ಬೆಂಡು ನೀರಿನಲ್ಲಿರುವಾಗ ಮಾತಿಲ್ಲ. ಮಗಳು ಮೊಣಕಾಲೆತ್ತರ ಇದ್ದಾಗ ಮಾಡಿದ ಕಾನೂನು. ಅವಳ ಬಾಯಿಗೆ ಬೀಗವೇ ಇರಲಿಲ್ಲ. ಅದಕ್ಕೇ 'ರೇಡಿಯೋ' ಎಂದು ಹೆಸರಿಟ್ಟಿದ್ದ. ಮೀನಿಗೆ ಕಿವಿಯುಂಟೋ ಇಲ್ಲವೋ ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ, ಆದರೆ ಕಾನೂನು ಮಾತ್ರ ಗಟ್ಟಿಯಾಗಿ ನಿಂತಿತು. ಆಮೇಲೆ ರೇಡಿಯೋ ದೊಡ್ಡವಳಾಗಿ, ಆಸ್ಪತ್ರೆಯಲ್ಲಿ ನರ್ಸಾಗಿ, ಕೆರೆಯ ದಾರಿಯನ್ನೇ ಮರೆತಿದ್ದಳು. ಇವತ್ತು ಕರೆಯದೆ ಬಂದಿದ್ದಾಳೆ.

ಏಕೆ ಬಂದಿದ್ದಾಳೆಂದು ಅವನಿಗೆ ಗೊತ್ತು. ನಿನ್ನೆ ಸಂಜೆ ರೀಲಿಗೆ ಹೊಸ ದಾರ ಸುತ್ತಲು ಕೂತಿದ್ದಾಗ ಅಡುಗೆಮನೆಯಿಂದ ತಾಯಿ ಮಗಳ ಗುಸುಗುಸು ಕಿವಿಗೆ ಬಿದ್ದಿತ್ತು. "ನಾನೇ ಹೇಳ್ತೀನಮ್ಮ. ಮದುವೆ ಆದ್ರೆ ಅವನನ್ನೇ ಅಂತ, ಕೆರೆ ಹತ್ರಾನೇ ಹೇಳಿಬಿಡ್ತೀನಿ." ಅದಕ್ಕೆ ಅವನ ಹೆಂಡತಿ, "ಹೇಳು. ಆದ್ರೆ ಅವನ ಊರು ಎಷ್ಟು ದೂರ ಅಂತ ಮಾತ್ರ ಮೊದಲೇ ಬಾಯಿಬಿಡಬೇಡ," ಎಂದಿದ್ದಳು. ಹೊಸ ದಾರ ಅವನ ಕೈಯಲ್ಲೇ ಉಳಿಯಿತು. ಹೋದ ವರ್ಷದ ಹಳೆಯ ದಾರಕ್ಕೇ ಗಾಳ ಕಟ್ಟಿಕೊಂಡು ಬಂದುಬಿಟ್ಟಿದ್ದ.

ಹುಡುಗನ ಮೇಲೆ ಅವನಿಗೆ ಮುನಿಸೇನೂ ಇಲ್ಲ. ಅವನ ಮುಖವನ್ನೇ ಕಂಡಿಲ್ಲ. ಆದರೆ ಮಗಳು ಹೇಳಿದ ಮೇಲೆ ತಾನು 'ಸರಿ' ಅನ್ನಬೇಕಲ್ಲ. ಸರಿ ಅಂದ ಮೇಲೆ ಅವಳು ಹೊರಟೇಬಿಡುತ್ತಾಳಲ್ಲ. ಬೆಂಡು ನೀರಿನಲ್ಲಿ ಇರುವಷ್ಟು ಹೊತ್ತು ಅವಳು ಇಲ್ಲೇ, ಪಕ್ಕದಲ್ಲೇ. ಹಾಗೆಂದುಕೊಂಡು ಆ ಕೆಂಪು ಚುಕ್ಕೆಯನ್ನೇ ನೋಡುತ್ತ ಕೂತ. ನೋಡುತ್ತ ನೋಡುತ್ತ ಕಣ್ಣಿಗೆ ಮಂಪರು ಕವಿಯಿತು. ನೀರು ಯಾವುದು, ಮುಗಿಲು ಯಾವುದು ತಿಳಿಯದಾಯಿತು. ನೀರಿನ ತಳದಲ್ಲಿ ಅವನ ಅಂಗಡಿ ತೆರೆದಿತ್ತು. ಪುಟ್ಟ ರೇಡಿಯೋ ಸ್ಟೂಲಿನ ಮೇಲೆ ನಿಂತು ಮೀನುಗಳ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. "ಕೊನೇ ಸಾಲು ಓದಿ," ಎನ್ನುತ್ತಿದ್ದಳು. ದಪ್ಪ ಮೀನೊಂದು ಓದಲಾರದೆ ಬಾಯಿ ತೆರೆದು ಮುಚ್ಚುತ್ತಿತ್ತು. ಅವಳು ಗದರುತ್ತಿರಲಿಲ್ಲ, ಎಷ್ಟು ಹೊತ್ತು ಬೇಕಾದರೂ ಕಾಯುತ್ತಿದ್ದಳು.

"ಅಪ್ಪಾ, ಒಂದ್ಸಲ ಎತ್ತಿ ನೋಡಬಾರ್ದಾ?"

ಅವನು ಬೆಚ್ಚಿ ಕಣ್ಣು ಬಿಟ್ಟ. "ಶ್! ಕಾನೂನು."

"ಇನ್ನೂ ಎಷ್ಟು ಹೊತ್ತು?"

"ನನ್ನನ್ನೇನು ಕೇಳ್ತೀಯ, ಮೀನನ್ನ ಕೇಳು."

"ಮಧ್ಯಾಹ್ನ ಡ್ಯೂಟಿ ಇದೆ ಅಪ್ಪಾ..." ಅವಳ ದನಿ ತಗ್ಗಿತು. ಸೂಜಿ ಚುಚ್ಚುವಾಗ ಅಲುಗದ ಕೈಗಳು ಈಗ ದುಪಟ್ಟಾದ ಅಂಚನ್ನು ಹಿಂಡುತ್ತಿದ್ದವು. ಅವನು ಅದನ್ನು ಓರೆಗಣ್ಣಿನಲ್ಲಿ ನೋಡಿದ. ಆದರೂ ಕೋಲು ಎತ್ತಲಿಲ್ಲ.

ಆಗಲೇ ಬೆಂಡು ಗುಳುಂ ಎಂದು ಕಾಣದಾಯಿತು. ಕೋಲು ಬಿಲ್ಲಾಗಿ ಬಾಗಿತು. "ಸುತ್ತು ಅಪ್ಪಾ, ರೀಲು ಸುತ್ತು!" ಎಂದು ಅವಳು ಕಾನೂನು ಮರೆತು ಕೂಗಿದಳು. ಅಷ್ಟು ದೊಡ್ಡ ಮೀನು ಅವನ ಜನ್ಮದಲ್ಲಿ ಗಾಳಕ್ಕೆ ಬಿದ್ದಿರಲಿಲ್ಲ. ಅವನ ಕೈ ರೀಲಿನ ಹಿಡಿಯ ಮೇಲೇ ಇತ್ತು. ಮೀನು ಬಂದರೆ ಬೆಂಡೂ ಬರುತ್ತದೆ. ಅವನು ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡನೇ ಹೊರತು ತಿರುಗಿಸಲಿಲ್ಲ. ಹಳೆಯ ದಾರ ಟಪ್ ಎಂದು ತುಂಡಾಯಿತು. ಕನ್ನಡಕದಂಗಡಿಯ ಯಜಮಾನ ಕೆಸರಿನಲ್ಲಿ ಅಂಗಾತ ಬಿದ್ದ.

ಮಗಳು ಕೈ ಹಿಡಿದು ಎಬ್ಬಿಸಿದಳು. "ಹೋಯ್ತಲ್ಲ. ಈಗಲಾದ್ರೂ ನಾನು ಹೇಳೋದು ಕೇಳು ಅಪ್ಪಾ."

ಅವನು ಕೆಸರು ಮೆತ್ತಿದ ಬೆರಳನ್ನು ಕೆರೆಯ ನಡುವಿಗೆ ತೋರಿಸಿದ. ಮೀನಿನಿಂದ ಬಿಡಿಸಿಕೊಂಡ ಬೆಂಡು ಮೇಲೆದ್ದು ತೇಲುತ್ತಿತ್ತು. "ಬೆಂಡು ಇನ್ನೂ ನೀರಲ್ಲೇ ಇದೆ," ಎಂದ.

ಅವಳು ಅವನನ್ನೇ ನೋಡಿದಳು. ಕಣ್ಣು ತುಂಬಿ ಬಂತು, ಅದರ ಹಿಂದೆಯೇ ನಗುವೂ ಬಂತು. ಮತ್ತೆ ಪಕ್ಕದಲ್ಲಿ ಕೂತು ಅವನ ಭುಜಕ್ಕೆ ತಲೆಯಿಟ್ಟಳು. ಈಗ ನಿಜವಾಗಿಯೂ ಗಾಳಿ ಎದ್ದಿತ್ತು. ಮಂಜು ಹರಿದು ಆಚೆ ದಡ ಕಾಣತೊಡಗಿತು, ಕೆಂಪು ಚುಕ್ಕೆ ಅತ್ತಲೇ ನಿಧಾನವಾಗಿ ಸಾಗಿತು. ಇಬ್ಬರೂ ಮಾತಿಲ್ಲದೆ ನೋಡಿದರು. ಕೊನೆಗೆ ಅದು ದೂರದ ಜೊಂಡಿನೊಳಗೆ ಹೋಗಿ ಸಿಕ್ಕಿಕೊಂಡಿತು.

"ಅಷ್ಟು ದೂರದಿಂದ ಅದನ್ನ ತರೋದು ಇನ್ನು ನನ್ನ ಕೈಲಾಗಲ್ಲ," ಎಂದ ಅಪ್ಪ, ಜೊಂಡಿನಿಂದ ಕಣ್ಣು ಕೀಳದೆ. ಆಮೇಲೆ ಕೈಯ ಕೆಸರು ಒರೆಸಿಕೊಳ್ಳುತ್ತ ಕೇಳಿದ:

"ನಿನ್ನ ಹುಡುಗನಿಗೆ ಈಜು ಬರುತ್ತಾ?"